ಕೈಯಲ್ಲಿದ್ದುದನ್ನು ಬಿಡದ ಅತ್ತಿಮಬ್ಬೆ

2019ರ ಆಗಸ್ಟ್ ತಿಂಗಳ ದಿನಗಳನ್ನು ಕೃಷ್ಣಾ ತೀರದ ನಮ್ಮ ಜನ ಮರೆತಿರಲಾರರು. ಘಟ್ಟದ ಮೇಲೆ ಎಡೆಬಿಡದೆ ಸುರಿದ ಮಳೆ, ಮೇಲಿನ ಜಲಾಶಯಗಳಿಂದ ಹರಿದುಬಂದ ನೀರು, ಎರಡೂ ಕೂಡಿ ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಸೀಮೆಯ ದಂಡೆಯ ಊರುಗಳನ್ನು ಆವರಿಸಿದ್ದವು. ಅತ್ತ ಘಟಪ್ರಭೆ ಮುಧೋಳದ ಬೀದಿಗಳಲ್ಲಿ ಹರಿಯುತ್ತಿದ್ದಳು. ನಾವು ಕೆಲವು ಯುವಕರೊಡನೆ ಹೊದಿಕೆ, ಜೋಳ, ಔಷಧಗಳನ್ನು ಹೊತ್ತುಕೊಂಡು ಗಲಗಲಿಯ ಕಡೆಗೆ ಹೋಗಿದ್ದೆವು. ಕಬ್ಬಿನ ಗದ್ದೆಗಳ ಜಾಗದಲ್ಲಿ ಕೆಂಪು ನೀರು ನಿಂತಿತ್ತು. ಒಂದು ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರದ ಪಡಸಾಲೆಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಅವರ ಮುಂದೆ ಮೊಮ್ಮಗಳ ನಾಲ್ಕಾರು ಪಠ್ಯಪುಸ್ತಕಗಳು ನೀರು ಕುಡಿದು ಊದಿಕೊಂಡು ಬಿದ್ದಿದ್ದವು. ಅಜ್ಜಿ ಒಂದೊಂದೇ ಹಾಳೆಯನ್ನು ಹರಿಯದಂತೆ ಬಿಡಿಸಿ, ಅದರ ಮೇಲೆ ಒಂದು ಹರಳು ಕಲ್ಲನ್ನಿಟ್ಟು ಬಿಸಿಲಿಗೆ ಒಣಗಿಸುತ್ತಿದ್ದರು. ಅವರಿಗೆ ಓದು ಬಾರದೆಂಬುದು ಆಮೇಲೆ ತಿಳಿಯಿತು.

ಅವರ ಮಣ್ಣಿನ ಮನೆ ಕುಸಿದಿತ್ತು. ನಾವು ಪಕ್ಕದಲ್ಲಿ ನಿಂತು ಸಾಂತ್ವನದ ಮಾತು ಆರಂಭಿಸಿದೆವು. ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದವರ ನಾಲಗೆ ಇಂಥ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ. ನಮ್ಮ ವಶದಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ಹಳೆಯ ವಿಚಾರವನ್ನು ಸಾಧ್ಯವಾದಷ್ಟು ಸರಳವಾಗಿ ಹೇಳತೊಡಗಿದೆವು. ಅಜ್ಜಿ ತಲೆಯೆತ್ತಿ ನೋಡಿದರು. ನಮ್ಮ ನೆರಳು ಹಾಳೆಗಳ ಮೇಲೆ ಬೀಳುತ್ತಿದೆ, ತುಸು ಅತ್ತ ಸರಿಯಬೇಕು ಎಂದರು. ಗ್ರೀಕ್ ತತ್ತ್ವಜ್ಞಾನಿ ಡಯೋಜಿನಿಸನು ಅಲೆಕ್ಸಾಂಡರ್ ಚಕ್ರವರ್ತಿಗೆ ಬಿಸಿಲು ಬಿಟ್ಟು ನಿಲ್ಲೆಂದು ಹೇಳಿದನೆಂಬ ಕಥೆಯನ್ನು ನಾವು ಎಷ್ಟೋ ಸಲ ಪಾಠದಲ್ಲಿ ಕೇಳಿದ್ದೆವು. ಅದು ನಮಗೇ ಅನ್ವಯಿಸೀತೆಂದು ಎಣಿಸಿರಲಿಲ್ಲ. ನಾವು ಸರಿದು ನಿಂತೆವು, ಉಪದೇಶವೂ ಅಲ್ಲಿಗೆ ನಿಂತಿತು.

ಆ ದಿನ ಹಿಂದಿರುಗುವಾಗ ನಮ್ಮ ಮನಸ್ಸಿಗೆ ಬಂದವಳು ಸಾವಿರ ವರ್ಷಗಳ ಹಿಂದಿನ ಒಬ್ಬ ಮಹಿಳೆ. ಕಥೋಲಿಕ ಬಂಧುಗಳ ಈ ಅಂಕಣದಲ್ಲಿ ಒಬ್ಬ ಜೈನ ಶ್ರಾವಕಿಯ ಜೀವನವೇಕೆ ಎಂದು ಕೆಲವರು ಕೇಳಬಹುದು. ಬೇರೆ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಿರಸ್ಕರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ನಮಗೆ ಕಲಿಸಿದೆ. ಅಲ್ಲದೆ ಈಕೆಯ ಕಥೆಯನ್ನು ನಮಗೆ ಉಳಿಸಿಕೊಟ್ಟ ಕವಿ ನಮ್ಮ ಮುಧೋಳದವನು.

ಮೊದಲು, ಅಜ್ಜಿಯ ಮುಂದೆ ಅರ್ಧಕ್ಕೆ ನಿಂತ ಆ ವಿಚಾರವನ್ನು ಇಲ್ಲಿ ಮುಗಿಸಿಬಿಡೋಣ. ಅದನ್ನು ಬೋಧಿಸಿದವನು ಎಪಿಕ್ಟೀಟಸ್ ಎಂಬ ಗುಲಾಮ. ಕ್ರಿಸ್ತಶಕ ಸುಮಾರು 50ರಲ್ಲಿ ಹಿಯರಾಪೊಲಿಸ್ ಪಟ್ಟಣದಲ್ಲಿ ಹುಟ್ಟಿದವನು. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ ಕೊನೆಯಲ್ಲಿ ಬರುವ ಊರು ಅದೇ. ನೀರೋ ಚಕ್ರವರ್ತಿಯ ಅಧಿಕಾರಿಯೊಬ್ಬನ ಮನೆಯಲ್ಲಿ ಗುಲಾಮನಾಗಿದ್ದ ಆತ ಕಾಲು ಕುಂಟಾದವನು. ಬಿಡುಗಡೆ ಹೊಂದಿ ರೋಮಿನಲ್ಲಿ ಬೋಧಿಸುತ್ತಿದ್ದಾಗ ಡೊಮಿಷಿಯನ್ ಚಕ್ರವರ್ತಿ ತತ್ತ್ವಜ್ಞಾನಿಗಳನ್ನೆಲ್ಲ ಹೊರಗಟ್ಟಿದ. ಎಪಿಕ್ಟೀಟಸ್ ಗ್ರೀಸಿನ ನಿಕೊಪೊಲಿಸಿಗೆ ಹೋಗಿ ಅಲ್ಲಿ ಶಾಲೆ ತೆರೆದ. ನಮ್ಮ ಎಣಿಕೆ, ಬಯಕೆ, ಸಂಕಲ್ಪಗಳು ನಮ್ಮ ವಶದಲ್ಲಿವೆ. ದೇಹ, ಆಸ್ತಿ, ಕೀರ್ತಿ, ಪದವಿಗಳು ಪೂರ್ಣವಾಗಿ ನಮ್ಮ ವಶದಲ್ಲಿಲ್ಲ. ಈ ಗಡಿಯನ್ನು ಅರಿಯದವನು ಜೀವಮಾನವೆಲ್ಲ ತೊಳಲುತ್ತಾನೆ. ಇದು ಅವನ ಬೋಧನೆಯ ತಿರುಳು. ಆತ ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಬರೆದಿಟ್ಟುದರಿಂದ ಉಳಿಯಿತು. ಮುಂದೆ ನಮ್ಮ ಸಂನ್ಯಾಸಿಗಳು ಆ ಕಿರುಹೊತ್ತಗೆಯಲ್ಲಿ ಸಾಕ್ರಟಿಸನ ಹೆಸರಿದ್ದಲ್ಲಿ ಸಂತ ಪೌಲರ ಹೆಸರನ್ನು ಹಾಕಿ ತಮ್ಮ ಮಠಗಳಲ್ಲಿ ಓದಿಸಿದರು.

ಇನ್ನು ನಮ್ಮ ಕಥೆಗೆ ಬರೋಣ.

ಅತ್ತಿಮಬ್ಬೆಯ ತವರು ವೆಂಗಿ ಮಂಡಲ. ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಇಬ್ಬರೂ ಶೂರರು, ವಿದ್ಯಾಪಕ್ಷಪಾತಿಗಳು. ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಈ ಸಹೋದರರು ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದು ಪಡೆದ ಪೊನ್ನನೇ ಆತ. ಅಂಥ ಮನೆಯಲ್ಲಿ ಗ್ರಂಥವೆಂದರೇನೆಂಬುದನ್ನು ನೋಡುತ್ತ ಬೆಳೆದ ಹೆಣ್ಣುಮಗಳು ಅತ್ತಿಮಬ್ಬೆ. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಒಬ್ಬನಿಗೇ ಕೊಟ್ಟು ಮದುವೆ ಮಾಡಿದರು. ವರನು ಚಾಳುಕ್ಯ ರಾಜ್ಯದ ಮಂತ್ರಿ ದಲ್ಲಪನ ಮಗ ನಾಗದೇವ.

ಅದು ನಾಡು ಕೈಬದಲಾದ ಕಾಲ. 972ರಲ್ಲಿ ಪರಮಾರ ದೊರೆ ಸೀಯಕನ ಸೈನ್ಯ ರಾಷ್ಟ್ರಕೂಟರ ರಾಜಧಾನಿ ಮಳಖೇಡವನ್ನು ಸೂರೆ ಮಾಡಿತು. ಮರುವರ್ಷ, 973ರಲ್ಲಿ, ಚಾಳುಕ್ಯ ವಂಶದ ತೈಲಪನು ರಾಷ್ಟ್ರಕೂಟರನ್ನು ಕೆಳಗಿಳಿಸಿ ತಾನೇ ಅರಸನಾದ. ಹೊಸ ರಾಜ್ಯಕ್ಕೆ ಎಲ್ಲ ದಿಕ್ಕಿನಲ್ಲಿಯೂ ಯುದ್ಧ. ಉತ್ತರದಲ್ಲಿ ಪರಮಾರ ಮುಂಜ, ದಕ್ಷಿಣದಲ್ಲಿ ಚೋಳರು. ನಾಗದೇವನು ತೈಲಪನ ಸೇನಾನಾಯಕರಲ್ಲಿ ಒಬ್ಬನಾಗಿ ಹೆಸರು ಗಳಿಸಿದ. ಆದರೆ ಆತ ಬಹುಕಾಲ ಬದುಕಲಿಲ್ಲ. ಗಂಡನ ಚಿತೆಯನ್ನು ತಂಗಿ ಗುಂಡಮಬ್ಬೆ ಏರಿದಳು. ಒಂದೇ ಹೊತ್ತಿನಲ್ಲಿ ಅತ್ತಿಮಬ್ಬೆ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡಳು. ಉಳಿದವನು ಇನ್ನೂ ಚಿಕ್ಕವನಾದ ಮಗ ಅಣ್ಣಿಗದೇವ. ತಂಗಿ ಹಿಡಿದ ದಾರಿಯೇ ಹಿರಿಯದೆಂದು ಕೊಂಡಾಡುವ ನಾಲಗೆಗಳು ಆ ಕಾಲದಲ್ಲಿ ಕಡಮೆಯಿರಲಿಲ್ಲ. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ಈ ಆಯ್ಕೆಯನ್ನು ಓದುಗರು ಹಗುರವಾಗಿ ಕಾಣಬಾರದು. ಸಾಯುವುದಕ್ಕೆ ಒಂದು ಗಳಿಗೆಯ ಧೈರ್ಯ ಸಾಕು; ಮಗುವನ್ನು ಎದೆಗವಚಿಕೊಂಡು, ವ್ರತನಿಯಮಗಳಿಂದ ದೇಹವನ್ನು ದಂಡಿಸುತ್ತ, ಪ್ರತಿದಿನ ಬೆಳಗ್ಗೆ ಎದ್ದು ಅದೇ ಮನೆಯಲ್ಲಿ ಓಡಾಡುವುದಕ್ಕೆ ಬೇಕಾದ ಧೈರ್ಯ ಬೇರೆಯದು.

ಅರಸನ ಮರ್ಜಿ ಆಕೆಯ ವಶದಲ್ಲಿರಲಿಲ್ಲ. ಯುದ್ಧದ ಸೋಲು ಗೆಲುವು ಇರಲಿಲ್ಲ. ಗಂಡನ ಆಯುಸ್ಸು ಇರಲಿಲ್ಲ. ತಂಗಿಯ ಮನಸ್ಸು ಕೂಡ ಇರಲಿಲ್ಲ. ಹಾಗಾದರೆ ಏನಿತ್ತು? ಮಗನಿದ್ದ, ತವರಿನ ಮತ್ತು ಗಂಡನ ಮನೆಯ ಸಂಪತ್ತು ಇತ್ತು, ತಂದೆ ಬರೆಯಿಸಿದ ಒಂದು ಗ್ರಂಥವಿತ್ತು.

ಆ ಗ್ರಂಥದ ಸ್ಥಿತಿಯನ್ನು ತುಸು ಯೋಚಿಸಬೇಕು. ಅದನ್ನು ಬರೆದ ಕವಿಗೆ ಮನ್ನಣೆಯಿತ್ತ ರಾಜವಂಶವೇ ಅಳಿದಿತ್ತು. ರಾಜಧಾನಿ ಸೂರೆಯಾಗಿತ್ತು. ಓಲೆಗರಿಯ ಗ್ರಂಥಕ್ಕೆ ಶತ್ರುಗಳು ಹಲವರು: ಗೆದ್ದಲು, ನುಸಿ, ತೇವ, ಬೆಂಕಿ, ಎಲ್ಲಕ್ಕಿಂತ ಮಿಗಿಲಾಗಿ ಉಪೇಕ್ಷೆ. ಒಂದೆರಡು ಪ್ರತಿಗಳು ಮಾತ್ರ ಇರುವ ಗ್ರಂಥ ಒಂದು ಮಳೆಗಾಲದಲ್ಲಿ ಇಲ್ಲವಾಗಬಹುದು. ಹಾಗೆ ಇಲ್ಲವಾದವುಗಳ ಪಟ್ಟಿ ನಮ್ಮ ಸಾಹಿತ್ಯದಲ್ಲಿ ದೊಡ್ಡದಿದೆ. ಪೊನ್ನನೇ ಬರೆದ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಹೋದವು. ಶಾಂತಿಪುರಾಣ ಮಾತ್ರ ನಮ್ಮ ಕೈಸೇರಿದೆ.

ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅದರೊಡನೆ ಚಿನ್ನದ ಮತ್ತು ರತ್ನದ ಒಂದೂವರೆ ಸಾವಿರ ಜಿನಪ್ರತಿಮೆಗಳನ್ನೂ ದಾನವಿತ್ತಳೆಂದು ಪ್ರಸಿದ್ಧಿ. ಪ್ರತಿಮೆಗಳ ದಾನ ದೊಡ್ಡದೇ, ಆದರೆ ಸಿರಿವಂತರು ಅಂಥ ದಾನವನ್ನು ಎಲ್ಲ ಕಾಲದಲ್ಲಿಯೂ ಮಾಡಿದ್ದಾರೆ. ನಮ್ಮನ್ನು ತಡೆದು ನಿಲ್ಲಿಸುವುದು ಆ ಸಾವಿರ ಓಲೆಕಟ್ಟುಗಳು. ಜೈನರಲ್ಲಿ ದಾನ ನಾಲ್ಕು ಬಗೆ: ಆಹಾರ, ಅಭಯ, ಔಷಧ, ಶಾಸ್ತ್ರ. ಕೊನೆಯದನ್ನು ಈ ಪ್ರಮಾಣದಲ್ಲಿ ಕೈಗೊಂಡವರು ನಮಗೆ ತಿಳಿದಂತೆ ಆಕೆಗಿಂತ ಮೊದಲು ಇಲ್ಲ.

ಸಾವಿರ ಪ್ರತಿಯೆಂದು ಹೇಳುವುದು ಸುಲಭ. ಇಂದಿನ ಹುಡುಗರು ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ತಾಸಿನಲ್ಲಿ ಮಾಡಿಸಿಕೊಂಡು ಬರುವ ಕೆಲಸವಿದು. ಆಗ ಹಾಗಿರಲಿಲ್ಲ. ತಾಳೆಯ ಗರಿಗಳನ್ನು ಕಡಿದು ತರಿಸಬೇಕು, ಬೇಯಿಸಬೇಕು, ನೆರಳಲ್ಲಿ ಒಣಗಿಸಬೇಕು, ನಯವಾಗುವಂತೆ ಉಜ್ಜಿ ಒಂದೇ ಅಳತೆಗೆ ಕತ್ತರಿಸಬೇಕು. ಬಳಿಕ ಲಿಪಿಕಾರನು ಎಡಗೈಯಲ್ಲಿ ಗರಿಯನ್ನು ಹಿಡಿದು, ಬಲಗೈಯ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ತುಸು ಒತ್ತಿದರೆ ಗರಿ ಸೀಳುತ್ತದೆ. ಒತ್ತದಿದ್ದರೆ ಅಕ್ಷರ ಮೂಡದು. ಕೊರೆದ ಗೆರೆಗಳಿಗೆ ಕಾಡಿಗೆಯನ್ನು ಹಚ್ಚಿ ಒರೆಸಿದಾಗ ಬರಹ ಕಣ್ಣಿಗೆ ಕಾಣುತ್ತದೆ. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟಬೇಕು. ಶಾಂತಿಪುರಾಣವೋ ಹನ್ನೆರಡು ಆಶ್ವಾಸಗಳ ದೊಡ್ಡ ಗ್ರಂಥ. ಇದನ್ನು ಒಂದಲ್ಲ, ಹತ್ತಲ್ಲ, ಸಾವಿರ ಸಲ ಮಾಡಿಸುವುದೆಂದರೆ ಎಷ್ಟು ಲಿಪಿಕಾರರು, ಎಷ್ಟು ವರ್ಷ, ಅವರ ಸಂಸಾರಗಳಿಗೆ ಎಷ್ಟು ಕಾಳು ಬೇಕಾಗಿದ್ದೀತು! ತಪ್ಪಿಲ್ಲದೆ ಪ್ರತಿಯಾಗಿದೆಯೇ ಎಂದು ನೋಡುವವರು ಬೇರೆ. ಪತಿವಿಯೋಗದ ದುಃಖವನ್ನು ನುಂಗಿಕೊಂಡ ಹೆಣ್ಣೊಬ್ಬಳು ಇವೆಲ್ಲದರ ಲೆಕ್ಕವನ್ನು ನೋಡುತ್ತ ಕುಳಿತ ಚಿತ್ರವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ಯುರೋಪಿನಲ್ಲಿ ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಅಚ್ಚುಯಂತ್ರದಿಂದ ತೆಗೆದ ಬೈಬಲ್ ಪ್ರತಿಗಳು ಹೆಚ್ಚೆಂದರೆ 180ರಷ್ಟು. ಅದಕ್ಕೂ ನಾಲ್ಕೂವರೆ ಶತಮಾನ ಮೊದಲು ನಡೆದದ್ದು ಇದು, ಯಂತ್ರವಿಲ್ಲದೆ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ಇದಕ್ಕೆ ಹೋಲಿಕೆಯೊಂದಿದೆ. ಆರನೆಯ ಶತಮಾನದಲ್ಲಿ ಕ್ಯಾಸಿಯೊಡೋರಸ್ ಎಂಬ ರೋಮನ್ ಮಂತ್ರಿ ಇದ್ದ. ಜಗದ್ಗುರು ಅಗಾಪೆಟಸ್ ಅವರೊಡನೆ ಸೇರಿ ರೋಮಿನಲ್ಲಿ ದೈವಶಾಸ್ತ್ರದ ಒಂದು ವಿದ್ಯಾಪೀಠವನ್ನು ತೆರೆಯಬೇಕೆಂಬುದು ಆತನ ಕನಸು. ಯುದ್ಧ ಬಂದಿತು, ಕನಸು ಒಡೆಯಿತು. ಇಳಿವಯಸ್ಸಿನಲ್ಲಿ ಆತ ದಕ್ಷಿಣ ಇಟಲಿಯ ತನ್ನ ಸ್ವಂತ ಜಮೀನಿನಲ್ಲಿ ವಿವಾರಿಯಮ್ ಎಂಬ ಮಠವನ್ನು ಕಟ್ಟಿ, ಸಂನ್ಯಾಸಿಗಳನ್ನು ಗ್ರಂಥಗಳ ಪ್ರತಿ ಮಾಡಲು ಕೂರಿಸಿದ. ಸಾಮ್ರಾಜ್ಯವನ್ನು ಉಳಿಸಿಕೊಳ್ಳುವುದು ಆತನ ಕೈಯಲ್ಲಿರಲಿಲ್ಲ. ಲೇಖನಿ ಇತ್ತು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಅತ್ತಿಮಬ್ಬೆ ಸಿರಿವಂತಳು, ಆಕೆಯ ಕೈಯಳತೆ ದೊಡ್ಡದು. ಗಂಜಿ ಕೇಂದ್ರದ ಬಡವರಿಗೆ ಆಕೆಯ ಮಾದರಿಯೇನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತೇ. ಅದಕ್ಕಿಂತಲೂ ತೀಕ್ಷ್ಣವಾದ ಇನ್ನೊಂದು ಮಾತಿದೆ. ವಶದಲ್ಲಿಲ್ಲದುದನ್ನು ಬಿಟ್ಟುಬಿಡು ಎಂಬ ತತ್ತ್ವವನ್ನು ಉಳ್ಳವರು ಇಲ್ಲದವರಿಗೆ ಬೋಧಿಸುವುದು ಬಹಳ ಸಲೀಸು. ಯಾವ ಜಲಾಶಯದ ಬಾಗಿಲನ್ನು ಯಾವ ಗಳಿಗೆಯಲ್ಲಿ ಎತ್ತಬೇಕು, ಪರಿಹಾರದ ಹಣ ಯಾವ ತಿಂಗಳೊಳಗೆ ಮುಟ್ಟಬೇಕು, ನದಿಯ ದಂಡೆಯಿಂದ ಊರನ್ನು ಎಲ್ಲಿಗೆ ಎತ್ತಬೇಕು ಎಂಬಿವೆಲ್ಲ ಅಜ್ಜಿಯ ವಶದಲ್ಲಿಲ್ಲದಿರಬಹುದು. ಮನುಷ್ಯರ ವಶದಲ್ಲಂತೂ ಇವೆ. ಅವರು ತಮ್ಮ ಕೈಯಲ್ಲಿರುವುದನ್ನು ಮಾಡದೆ, ಕೆಳಗಿನವರು ಮಾತ್ರ ಸಮಾಧಾನ ತಂದುಕೊಳ್ಳಬೇಕೆಂದರೆ ಎಪಿಕ್ಟೀಟಸನೂ ಒಪ್ಪಲಾರ. ಗುಲಾಮನಾಗಿದ್ದವನು ಅವನು. ನಮ್ಮಂಥ ಧರ್ಮಗುರುಗಳಿಗೂ ಇದು ತಗಲುತ್ತದೆ. ನಾವು ಹಿಂದೊಮ್ಮೆ ನೋಡಿಕೊಳ್ಳುತ್ತಿದ್ದ ಧರ್ಮಕೇಂದ್ರವೊಂದರ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಕ್ಕೆ ಗೆದ್ದಲು ಹತ್ತಿತು. ಅದು ದೈವೇಚ್ಛೆಯಲ್ಲ. ಕಪಾಟನ್ನು ಒಂದು ವರ್ಷ ತೆರೆಯದೆ ಇದ್ದವರು ನಾವು.

ರನ್ನನ ವಿಚಾರಕ್ಕೆ ಬರೋಣ. 949ರಲ್ಲಿ ಮುದುವೊಳಲು, ಅಂದರೆ ಈಗಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹುಟ್ಟಿದ ಕುಲ ಅವನ ವಶದಲ್ಲಿರಲಿಲ್ಲ, ಓದಬೇಕೆಂಬ ಹಟವಿತ್ತು. ಘಟಪ್ರಭೆಯ ದಂಡೆಯಿಂದ ದೂರದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಬಳಿ ವಿದ್ಯೆ ಕಲಿತ. ಬೆಳಗೊಳದ ಗೊಮ್ಮಟ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಆಶ್ರಯ ದೊರೆಯಿತು. ಮುಂದೆ ಚಾಳುಕ್ಯರಲ್ಲಿಗೆ ಬಂದು ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ಗದಾಯುದ್ಧದ ಕವಿಯೆಂದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅತ್ತಿಮಬ್ಬೆಯ ಕೋರಿಕೆಯಂತೆ ಬರೆದುದು ಎರಡನೆಯ ತೀರ್ಥಂಕರನ ಚರಿತ್ರೆಯಾದ ಅಜಿತಪುರಾಣ, ಮುಗಿದದ್ದು 993ರಲ್ಲಿ. ಅದರಲ್ಲಿ ಕವಿ ಆಕೆಯ ವಂಶವನ್ನೂ ವೈಧವ್ಯವನ್ನೂ ದಾನವನ್ನೂ ಬಿಡಿಸಿ ಹೇಳಿದ್ದರಿಂದಲೇ ನಾವು ಇಂದು ಇಷ್ಟನ್ನು ಬಲ್ಲೆವು. ದಾನಚಿಂತಾಮಣಿ ಎಂಬ ಹೆಸರು ಆಕೆಗೆ ಅಂಟಿಕೊಂಡು ಬಂದಿದೆ. ಕರ್ನಾಟಕ ಸರಕಾರ ಲೇಖಕಿಯರಿಗೆ ಕೊಡುವ ಪ್ರಶಸ್ತಿಗೂ ಅದೇ ಹೆಸರು. ರನ್ನನು ತನ್ನ ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದು, ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟ. ಕವಿಗಳು ಆಶ್ರಯದಾತರನ್ನು ಹೊಗಳುವುದು ಹೊಸದಲ್ಲ, ಹೊಗಳಿಕೆಗೆ ಸಂಭಾವನೆಯೂ ಉಂಟು. ಮಗಳಿಗೆ ಇಟ್ಟ ಹೆಸರಿಗೆ ಸಂಭಾವನೆಯಿಲ್ಲ. ನಮಗೆ ರನ್ನನ ಹೊಗಳಿಕೆಗಳಿಗಿಂತ ಈ ನಾಮಕರಣದ ಮೇಲೆಯೇ ಹೆಚ್ಚು ನಂಬಿಕೆ.

ಮಗ ಅಣ್ಣಿಗದೇವ ಬೆಳೆದು ಪಡೆವಳ ತೈಲನೆಂಬ ಹೆಸರಿನಿಂದ ಅಧಿಕಾರಿಯಾದ. 1007ರಲ್ಲಿ, ತೈಲಪನ ಮಗ ಸತ್ಯಾಶ್ರಯನ ಆಳಿಕೆಯಲ್ಲಿ, ಅತ್ತಿಮಬ್ಬೆ ಲೊಕ್ಕಿಗುಂಡಿಯಲ್ಲಿ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟ ವಿಷಯ ಅಲ್ಲಿಯ ಶಾಸನದಲ್ಲಿದೆ. ಗದಗಿನ ಸಮೀಪದ ಇಂದಿನ ಲಕ್ಕುಂಡಿಯ ಬ್ರಹ್ಮಜಿನಾಲಯವೇ ಅದು. ಅದೇ ಕಾಲದ ಇನ್ನೊಂದು ಶಾಸನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿದೆ. ಚೋಳರ ಭಾರೀ ಸೈನ್ಯ ವಿಜಯಪುರ ಸೀಮೆಯ ದೋಣೂರಿನವರೆಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಕೊಂದು ನಾಡನ್ನು ಹಾಳುಗೆಡವಿದ್ದನ್ನೂ ಸತ್ಯಾಶ್ರಯನು ಅದನ್ನು ಹಿಮ್ಮೆಟ್ಟಿಸಿದ್ದನ್ನೂ ಅದು ಹೇಳುತ್ತದೆ. ದೋಣೂರು ನಮ್ಮ ಕೃಷ್ಣೆಯಿಂದ ದೂರವಿಲ್ಲ. ಎರಡು ಶಾಸನಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ನಮಗೆ ಮೈ ಜುಮ್ಮೆಂದಿತು. ನಾಡಿನ ಒಂದು ಮೂಲೆ ಉರಿಯುತ್ತಿದ್ದ ಹೊತ್ತಿನಲ್ಲಿ, ಇನ್ನೊಂದು ಕಡೆ ವೃದ್ಧೆಯೊಬ್ಬಳು ಶಿಲ್ಪಿಗಳಿಗೆ ಕೂಲಿ ಹಂಚುತ್ತಿದ್ದಳು.

ಶಾಸನದಲ್ಲಿ ಆಕೆಯ ಮಹಿಮೆಗಳೂ ಬರುತ್ತವೆ. ಆಕೆಗಾಗಿ ಗೋದಾವರಿಯ ಪ್ರವಾಹ ತಡೆದು ನಿಂತಿತಂತೆ. ಬೆಳಗೊಳದ ಬೆಟ್ಟವನ್ನೇರಿದ ದಣಿವು ಆರುವಂತೆ ಅಕಾಲದಲ್ಲಿ ಮಳೆ ಬಂದಿತಂತೆ. ಪವಾಡಗಳನ್ನು ಪರಿಶೀಲಿಸುವುದರಲ್ಲಿ ನಮ್ಮ ಧರ್ಮಸಭೆ ಬಹಳ ನಿಧಾನಿ. ಅನ್ಯರ ಪವಾಡಗಳ ಬಗ್ಗೆ ತೀರ್ಪು ಕೊಡುವ ಅಧಿಕಾರವೂ ನಮಗಿಲ್ಲ. ಜನ ಒಬ್ಬಳನ್ನು ಅಷ್ಟು ನೆಚ್ಚಿದಾಗ ನದಿಯೂ ಆಕೆಯ ಮಾತು ಕೇಳಿತೆಂದು ನಂಬಲು ಬಯಸುತ್ತಾರೆ. ಆದರೆ ಪ್ರವಾಹದ ದಂಡೆಯಲ್ಲಿ ನಿಂತು ಬಂದ ನಮಗೆ, ನದಿ ನಿಂತ ಕಥೆಗಿಂತ ಓಲೆಗಳ ಕಥೆಯೇ ಹೆಚ್ಚು ಹತ್ತಿರವೆನಿಸುತ್ತದೆ. 2019ರಲ್ಲಿ ಕೃಷ್ಣೆ ಯಾರ ಮಾತನ್ನೂ ಕೇಳಲಿಲ್ಲ.

ಗಲಗಲಿಯವರಿಗೆ ಓಲೆಗಳ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಂಡಿತರಿಗೆ ಹೆಸರಾದ ಊರದು. ಹರಿದಾಸ ಪರಂಪರೆಯಲ್ಲಿ ಗಲಗಲಿ ಅವ್ವ ಎಂದೇ ಪ್ರಸಿದ್ಧಳಾದ, ರಮೇಶ ಎಂಬ ಅಂಕಿತದಲ್ಲಿ ಹಾಡು ಕಟ್ಟಿದ ಮಹಿಳೆ ಅಲ್ಲಿಯವಳು. ಆಕೆಯ ಹಾಡುಗಳನ್ನು ಉಳಿಸಿದವರು ಹೆಣ್ಣುಮಕ್ಕಳು, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ.

ನೀರಿಳಿದ ಕೆಲವು ತಿಂಗಳ ಮೇಲೆ ನಾವು ಮತ್ತೊಮ್ಮೆ ಆ ದಾರಿಯಲ್ಲಿ ಹೋದೆವು. ಅಜ್ಜಿ ತಗಡಿನ ಶೆಡ್ಡಿನಲ್ಲಿದ್ದರು. ನಮ್ಮ ಗುರುತು ಹಿಡಿದು ಒಳಗೆ ಕರೆದು ಚಹಾ ಮಾಡಿಕೊಟ್ಟರು. ಪರಿಹಾರದ ಮೊದಲ ಕಂತು ಬಂದಿತ್ತು, ಉಳಿದದ್ದಕ್ಕಾಗಿ ಅಲೆಯುತ್ತಿದ್ದರು. ಮೊಮ್ಮಗಳು ಶಾಲೆಗೆ ಹೋಗಿದ್ದಳು. ಗೂಡಿನಲ್ಲಿ ಆ ಪುಸ್ತಕಗಳಿದ್ದವು. ಒಣಗಿದ ಹಾಳೆಗಳು ಸುಕ್ಕುಗಟ್ಟಿ ಒಂದಕ್ಕೆರಡು ದಪ್ಪವಾಗಿ, ಮುಚ್ಚಿದರೆ ಮುಚ್ಚಿಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ಅಜ್ಜಿ ಮೇಲೊಂದು ಕೆಳಗೊಂದು ರಟ್ಟು ಇಟ್ಟು, ಹತ್ತಿಯ ದಾರವನ್ನು ಸುತ್ತಿ ಗಂಟು ಹಾಕಿದ್ದರು.